ಒಂದು ಪೌಂಡ್ ಧಾನ್ಯ

ಚೆನ್ನೈಗೆ ಅಣ್ಣನ ಮನೆಗೆ ಹೋದಾಗಲೆಲ್ಲ ತಿರುಮಯಿಲೈ ಸ್ಟೇಷನ್ ಹತ್ತಿರದ ಕಪ್ಪು ನೀರನ್ನು ಮೂಗು ಮುಚ್ಚಿಕೊಂಡು ದಾಟುತ್ತಿದ್ದೆ. ಚರಂಡಿ ಅಂತಲೇ ತಿಳಿದಿದ್ದೆ. ಅದು ಬಕಿಂಗ್‌ಹ್ಯಾಮ್ ಕಾಲುವೆ ಅಂತ ಗೊತ್ತಾದ ಮೇಲೆ, ಈ ಸಲ ಅದನ್ನು ನೋಡೋದಕ್ಕೇ ಬೆಳಿಗ್ಗೆ ಬೇಗ ಎದ್ದು ಹೋದೆ.

ಸೇತುವೆಯಿಂದ ಬಗ್ಗಿ ನೋಡಿದೆ. ಎತ್ತರದ ಸೇತುವೆ ಮೇಲೆ ಓಡುವ ರೈಲಿನ (ಇಲ್ಲಿಯವರ ಬಾಯಲ್ಲಿ ‘ಹಾರುವ ರೈಲು’) ದಪ್ಪ ಕಂಬಗಳು ನೇರ ಕಾಲುವೆಯೊಳಗೇ ಇಳಿದಿವೆ. ಒಂದು ಕಂಬಕ್ಕೆ ಹರಿದ ಸೀರೆ ಸುತ್ತಿಕೊಂಡಿತ್ತು, ಅದರ ಮಡಿಕೆಯಲ್ಲಿ ಪ್ಲಾಸ್ಟಿಕ್ ಚೀಲ, ತೆಂಗಿನ ಚಿಪ್ಪು. ನೀರು ಹರಿಯುತ್ತಿದೆಯೋ ಇಲ್ಲವೋ ನೋಡೋಣ ಅಂತ ಒಂದು ಒಣ ಎಲೆ ಹಾಕಿದೆ. ಬಿದ್ದಲ್ಲೇ ಕೂತಿತು.

ಇಲ್ಲಿ ದೋಣಿಗಳು ಓಡಾಡುತ್ತಿದ್ದವು! ಉಪ್ಪು, ಅಕ್ಕಿ, ಸರ್ವೆ ಮರದ ಸೌದೆ ಹೊತ್ತು ಬರುತ್ತಿದ್ದವು. ಈ ಕರಾವಳಿಯಲ್ಲಿ ಅಲೆಗಳ ಅಬ್ಬರ ಜಾಸ್ತಿ, ಒಳ್ಳೆಯ ಬಂದರು ಕಡಿಮೆ. ಹಾಗಾಗಿ ದಡದ ಪಕ್ಕದಲ್ಲೇ ಒಳಗಿನಿಂದ ಒಂದು ಜಲಮಾರ್ಗ. 1806ರಲ್ಲಿ ಮದ್ರಾಸಿನಿಂದ ಎಣ್ಣೂರಿನ ಕಡೆಗೆ ಶುರುವಾದದ್ದು ಬೆಳೆಯುತ್ತಾ ಆಂಧ್ರದ ಪೆದ್ದಗಂಜಾಂನಿಂದ ದಕ್ಷಿಣದ ಮರಕ್ಕಾಣಂವರೆಗೆ ಸುಮಾರು 420 ಕಿಲೋಮೀಟರ್ ಆಯಿತು. ಆಮೇಲೆ ರೈಲು ಬಂತು, ಲಾರಿ ಬಂತು. 1965–66 ಮತ್ತು 1976ರ ಚಂಡಮಾರುತಗಳು ಕಾಲುವೆಯನ್ನು ಹಾಳುಮಾಡಿದವು. ರಿಪೇರಿ ಸರಿಯಾಗಿ ಆಗಲಿಲ್ಲ.

ಆದರೆ ನಾನು ನಿಂತಿದ್ದ ಈ ತುಂಡಿನ ಕತೆ ಬೇರೆಯೇ. ಅಡ್ಯಾರ್ ಮತ್ತು ಕೂವಂ ನದಿಗಳನ್ನು ಕೂಡಿಸುವ ಈ 8 ಕಿಲೋಮೀಟರ್ ತೋಡಿದ್ದು 1876–78ರ ಬರಗಾಲದಲ್ಲಿ, ಬರ ಪರಿಹಾರದ ಕೆಲಸವಾಗಿ. ನಮ್ಮ ಕಡೆ ಹಳಬರು ಧಾತು ಈಶ್ವರದ ಬರ ಅಂತಿದ್ದರಲ್ಲ, ಅದೇ. ಆಗಿನ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್. ಕಾಲುವೆಗೆ ಅವರದೇ ಹೆಸರು.

1877ರಲ್ಲಿ ಮದ್ರಾಸಿನ ಬರ ಕಾಮಗಾರಿಗಳಿಗೆ ಭಾರತ ಸರ್ಕಾರ ಕಳಿಸಿದ್ದ ಅಧಿಕಾರಿ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಕೂಲಿ, ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಒಂದಾಣೆ. ದುಡಿಯುವ ಮೈಗೆ ಇದು ಸಾಲದು ಅಂತ ಮದ್ರಾಸಿನ ಸ್ಯಾನಿಟರಿ ಕಮಿಷನರ್, ಅಂದರೆ ಜನರ ಆರೋಗ್ಯ ನೋಡಿಕೊಳ್ಳುವ ಅಧಿಕಾರಿ, ಕಾರ್ನಿಷ್ ಗಟ್ಟಿಯಾಗಿ ವಾದಿಸಿದರು. ಅವರ ಬಗ್ಗೆ ನನಗೆ ತುಂಬ ಗೌರವ.

ದಡದ ಮಣ್ಣನ್ನೇ ನೋಡುತ್ತಾ ಬಹಳ ಹೊತ್ತು ನಿಂತೆ. ಹಸಿದ ಹೊಟ್ಟೆಯಲ್ಲಿ ಗುದ್ದಲಿ ಎತ್ತಿ ಹಾಕಿದವರು ಎಷ್ಟು ಜನರೋ! ಬುಟ್ಟಿ ಹೊತ್ತವರಲ್ಲಿ ಹೆಂಗಸರೂ ಇದ್ದರು, ಮಕ್ಕಳೂ ಇದ್ದರು. ವಾಸನೆಯ ನೆನಪೇ ಬರಲಿಲ್ಲ ಆಗ.

ಮನೆಗೆ ಬಂದು ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಅಕ್ಕಿ ತೂಗಿ ತಟ್ಟೆಗೆ ಸುರಿದೆ. ಕೂತು ಓದುವವನಿಗೆ ಒಂದು ದಿನಕ್ಕೆ ಹೇಗೋ ಆದೀತು. ಬೆಳಗಿಂದ ಸಂಜೆವರೆಗೆ ಮಣ್ಣು ಅಗೆಯುವವನಿಗೆ?

"ಇದೇನೋ, ಯಾರಿಗೆ ಅಳೀತಿದೀಯ?" ಅಂದರು ಅತ್ತಿಗೆ. ಎಲ್ಲಾ ಹೇಳಿದೆ. ಅವರು ಮಾತಾಡಲಿಲ್ಲ. ಡಬ್ಬಿಯಿಂದ ಇನ್ನೂ ಎರಡು ಲೋಟ ಅಕ್ಕಿ ಅದೇ ತಟ್ಟೆಗೆ ಹಾಕಿ, ತೊಳೆಯಲು ತೆಗೆದುಕೊಂಡು ಹೋದರು.