ಬಸಪ್ಪ ಕುಂದಗೋಳ, ಎರಡು ಚುಕ್ಕಿ

ಮೊನ್ನೆ ಬಾಜೂ ಅಂಗಡಿ ಹುಡುಗ ಫೋನ್ ಹಿಡ್ಕೊಂಡು ಬಂದು "ಅಣ್ಣಾ, ಕಾಂಟ್ಯಾಕ್ಟ್ ಭಾಳ ಆಗ್ಯಾವು, ಒಬ್ಬೊಬ್ಬರ ಹೆಸರು ಎರಡೆರಡು ಸಲ ಬರಾಕತ್ತೈತಿ, ಎಲ್ಲಾ ಡಿಲೀಟ್ ಹೊಡದು ಕ್ಲೀನ್ ಮಾಡ್ಲೇನು" ಅಂತ ಕೇಳಿದ. ನಾ ಏನೂ ಮಾತಾಡದ ಅವನ ಕೈಯಾಗಿಂದ ಫೋನ್ ಕಸ್ಕೊಂಡೆ. ಅವ ಗಾಬರಿ ಆದ. ಅವತ್ತ ಅವನಿಗೆ ಕುಂಡ್ರಿಸಿ ಹೇಳಿದ್ದನ್ನ ಇಲ್ಲೂ ಬರೀಲಿಕತ್ತೇನಿ, ಯಾಕಂದ್ರ ನಮ್ಮಂಗ ಅಂಗಡಿ ಫೋನ್ ಸಂಭಾಳಿಸೋ ಮಂದಿ ಭಾಳ ಅದಾರ.

ನಾ ಬ್ಯಾಡಗಿ ಮೆಣಸಿನಕಾಯಿ ಪೇಟ್ಯಾಗ ಒಂದು ದಲಾಲಿ ಅಂಗಡ್ಯಾಗ ಗುಮಾಸ್ತ. ಇದು ಒಂಬತ್ತನೇ ಸೀಜನ್. ನಮ್ಮ ಅಂಗಡಿ ಅಂದ್ರ ಗಾದಿ, ತಿಜೋರಿ, ಖಾತೆ ಪುಸ್ತಕ ಅಂತ ಹೊರಗಿನವರು ತಿಳ್ಕೋತಾರ, ಖರೇ ಹೇಳಬೇಕಂದ್ರ ಅಂಗಡಿ ಇರೋದು ಸಾಹುಕಾರ್ರ ಫೋನಿನ್ಯಾಗ. ಅದರಾಗ ಮೂರು ಸಾವಿರದ ಮ್ಯಾಲೆ ಹೆಸರು. ಕುಂದಗೋಳ, ರೋಣ, ಸವಣೂರು, ಅತ್ಲಾಗ ಬಳ್ಳಾರಿ, ರಾಯಚೂರು, ಆಂಧ್ರದ ರೈತರು, ಲಾರಿಯವರು, ಹಮಾಲರ ಮುಕಾದಮರು, ತುಂಬು (ಕಾಯಿ ತೊಟ್ಟು) ಬಿಡಿಸೋ ಹೆಣ್ಮಕ್ಕಳ ಗುಂಪಿನವರು, ಕೋಲ್ಡ್ ಸ್ಟೋರೇಜಿನವರು, ಖರೀದಿದಾರರು. ನಮ್ಮ ಮೆಣಸಿನಕಾಯಿಗೆ 2011ರಾಗ ಜಿಐ ಟ್ಯಾಗ್ (ಈ ಸೀಮಿ ಮಾಲು ಅನ್ನೋ ಸರಕಾರಿ ಗುರುತು) ಬಂತು, ಖರೀದಿದಾರರು ರೇಟ್ ಹಾಕೋ ಟೆಂಡರ್ ಕಂಪ್ಯೂಟರಿಗೆ ಬಂತು, ರೈತರ ನಂಬರ್ ಮಾತ್ರ ಇನ್ನೂ ಒಂದ ಫೋನಿನ್ಯಾಗ. ನಾ ಇದನ್ನ ನಾಕು ವರ್ಷದಿಂದ ಹೇಳ್ಕೋತ ಬಂದೇನಿ, ಯಾರೂ ಕಿವಿಗೆ ಹಾಕ್ಕೊಂಡಿಲ್ಲ.

ಹೋದ ವರ್ಷ ಫೆಬ್ರುವರಿ. ಸೀಜನ್ ಜೋರ್ ಇತ್ತು. ಸಾಹುಕಾರ್ರು ಒಂದ ವಾರದಿಂದ ಗೊಣಗಾಕತ್ತಿದ್ರು, "ಒಬ್ಬಾವನ ಹೆಸರು ಮೂರ್ಮೂರು ಸಲ ಬರ್ತೈತಿ, ಯಾವ್ದಕ್ಕ ಹಚ್ಚಬೇಕೋ ತಿಳೀವಲ್ದು, ಏನರ ಮಾಡೋ ತಮ್ಮಾ." ಅವರಿಗೆ ಹಳೇ ಕೀಪ್ಯಾಡ್ ಫೋನಿನ ಸಿಮ್ಮಿನ್ಯಾಗ ಒಂದಿಷ್ಟು ನಂಬರ್ ಇದ್ದುವು, ಅವನ್ನ ಯಾರೋ ಫೋನಿಗೂ ಕಾಪಿ ಮಾಡಿದ್ರು, ಆಮ್ಯಾಲೆ ಗೂಗಲ್ ಅಕೌಂಟಿಗೂ ಹೋಗ್ಯಾವು. ಅಂದ್ರ ಒಂದ ನಂಬರು ಮೂರು ಕಡೆ, ಕಣ್ಣಿಗೆ ಮೂರು ಹೆಸರು. ಇದಕ್ಕ ಮದ್ದು ಡಿಲೀಟ್ ಅಲ್ಲ. ಕಾಂಟ್ಯಾಕ್ಟ್ ಸೆಟ್ಟಿಂಗಿನ್ಯಾಗ ಯಾವ ಅಕೌಂಟಿನ ಹೆಸರು ತೋರಸಬೇಕು ಅಂತ ಇರ್ತೈತಿ, ಅಲ್ಲಿ ಎಲ್ಲಾ ಕಾಂಟ್ಯಾಕ್ಟ್ ಅನ್ನೋದರ ಬದ್ಲು ಗೂಗಲ್ ಅಕೌಂಟ್ ಒಂದನ್ನ ಇಟ್ಟಿದ್ರ ಅವತ್ತ ಎರಡು ನಿಮಿಷದಾಗ ಮುಗೀತಿತ್ತು. ನನಗ ಅದು ಗೊತ್ತಿದ್ದಿಲ್ಲ. ಗೊತ್ತಿಲ್ಲ ಅನ್ನೋದೂ ಗೊತ್ತಿದ್ದಿಲ್ಲ.

ಶುಕ್ರವಾರ ರಾತ್ರಿ ಊಟ ಮಾಡಿ ಹತ್ತೂವರಿಗೆ ಕುಂತೆ. ಮೊದ್ಲು ಸಿಮ್ಮಿನ್ಯಾಗಿನವು ಎಲ್ಲಾ ಡಿಲೀಟ್ ಹೊಡದೆ, ಹೆಂಗೂ ಗೂಗಲ್ನ್ಯಾಗ ಅದಾವಲ್ಲ ಅಂತ. ಆಮ್ಯಾಲೆ ಹಳೇ ಲಾರಿ ಡ್ರೈವರ್ಸು, ಬಂದಾದ ಹೋಟೆಲು, ಹೆಸರ ಇಲ್ಲದ ನಂಬರು, ಸುಮಾರು ಮುನ್ನೂರು ಅಳಸಿದೆ. ಅಷ್ಟಾದ ಮ್ಯಾಲೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಕೆಲವು ಹೆಸರಿನ ಕೊನೀಗೆ ಚುಕ್ಕಿ ಇತ್ತು. ಬಸಪ್ಪ ಕುಂದಗೋಳ. ಇನ್ನೊಂದು ಬಸಪ್ಪ ಕುಂದಗೋಳ, ಮುಂದ ಒಂದು ಚುಕ್ಕಿ. ಮತ್ತೊಂದು ಬಸಪ್ಪ ಕುಂದಗೋಳ, ಮುಂದ ಎರಡು ಚುಕ್ಕಿ. (ಬಸಪ್ಪ ಅನ್ನೋ ಹೆಸರು ನಾ ಇಲ್ಲಿಗೆ ಅಂತ ಇಟ್ಟದ್ದು, ಖರೇ ಹೆಸರು ಬ್ಯಾಡ.) ಸಾಹುಕಾರ್ರು ಹೆಬ್ಬೆರಳಿನಿಂದ ಟೈಪ್ ಮಾಡ್ತಾರ, ಬೆರಳು ತಾಗಿ ಬಿದ್ದ ಚುಕ್ಕಿ ಇರಬೇಕು ಅಂತ ತಿಳ್ಕೊಂಡು ಒಂದೊಂದ ತಗದು, ಚುಕ್ಕಿ ಅಳಸಿ, ಸೇವ್ ಮಾಡ್ಕೋತ ಹೋದೆ. ಎಪ್ಪತ್ತು ಹೆಸರರ ಇರಬೇಕು. ಆಮ್ಯಾಲೆ ಕಾಂಟ್ಯಾಕ್ಟ್ ಕೂಡಿಸೋ ಮರ್ಜ್ ಅಂಡ್ ಫಿಕ್ಸ್ ಒಳಗ ಹೋದ್ರ ಒಂದ ಹೆಸರಿನವು ಎಲ್ಲಾ ಜೋಡಿ ಜೋಡಿ ತೋರಸ್ತು, ಕೆಳಗ ಮರ್ಜ್ ಆಲ್ ಬಟನ್. ಒತ್ತಿಬಿಟ್ಟೆ. ಮೂರು ಸಾವಿರ ಇದ್ದದ್ದು ಎರಡು ಸಾವಿರದ ಚಿಲ್ಲರೆಗೆ ಬಂತು. ಒಂದು ಗಂಟೆಗೆ ಮಲಕ್ಕೊಂಡೆ, ಛಲೋ ಕೆಲಸ ಆತು ಅನ್ನೋ ಸಮಾಧಾನದಾಗ ನಿದ್ದಿನೂ ಛಲೋ ಬಂತು.

ಶನಿವಾರ ಸಾಹುಕಾರ್ರು ಫೋನ್ ನೋಡಿ "ಹಗರ ಆತು ನೋಡು" ಅಂದ್ರು. ಅಷ್ಟ.

ಸೋಮವಾರ ಪೇಟಿ ದಿನ. ಯಾರ್ಡ್ ತುಂಬ ಚೀಲ, ಕಾಲಿಡಾಕ ಜಾಗ ಇಲ್ಲ, ಘಾಟಿಗೆ ಎಲ್ಲಾರ ಮೂಗಿಗೂ ಟವೆಲ್. ನಮ್ಮ ಅಂಗಡಿಗೆ ಅವತ್ತ ಒಂದ ಲಾರ್‍ಯಾಗ ಕುಂದಗೋಳ ಕಡೇದು ಎರಡು ಲಾಟ್ ಬಂದಿದ್ದುವು, ಎರಡೂ ಬಸಪ್ಪನ ಹೆಸರ ಮ್ಯಾಲೆ, ಒಂದು 22 ಚೀಲ ಡಬ್ಬಿ (ಗಿಡ್ಡ, ದಪ್ಪ ಕಾಯಿ), ಇನ್ನೊಂದು 9 ಚೀಲ ಕಡ್ಡಿ (ಉದ್ದ, ಸಣ್ಣನ ಕಾಯಿ). ರೈತರು ಇಬ್ಬರೂ ಬಂದಿದ್ದಿಲ್ಲ, ಮಾಲಷ್ಟ ಕಳಿಸಿದ್ರು. ಟೆಂಡರ್ ಡಿಕ್ಲೇರ್ ಆತು. 22 ಚೀಲದ ಲಾಟಿಗೆ ಕ್ವಿಂಟಲ್ಲಿಗೆ 28,500 ಬಿದ್ದಿತ್ತು. ರೇಟ್ ಒಪ್ಪಿಗಿ ಆದ್ರ ಕೊಡಬಹುದು, ಇಲ್ಲಂದ್ರ ಮಾಲು ನಿಲ್ಲಿಸಬಹುದು, ಅದು ರೈತನ ಹಕ್ಕು. ಆದ್ರ ಹೇಳಾಕ ಟೈಮ್ ಭಾಳ ಇರಂಗಿಲ್ಲ.

ಬಸಪ್ಪ ಕುಂದಗೋಳ ಒತ್ತಿದೆ. ಒಂದ ಹೆಸರಿನ ಕೆಳಗ ಮೂರು ನಂಬರ್ ಬಂದುವು. ಒಬ್ಬಾವನ ಹತ್ರ ಎರಡು ಸಿಮ್ ಇರೋದು ಸಹಜ, ಮನಿಯವರ ನಂಬರೂ ಒಂದಿರಬೇಕು ಅಂದ್ಕೊಂಡೆ. ಮೊದಲನೇದು ಹಚ್ಚಿದೆ, ನಾಟ್ ರೀಚೇಬಲ್. ಎರಡನೇದು ರಿಂಗ್ ಆತು, ಎತ್ತಿದ್ರು.

"ನಮಸ್ಕಾರ್ರಿ ಯಜಮಾನ್ರ, ಬ್ಯಾಡಗಿಯಿಂದ. ನಿಮ್ಮ ಮಾಲಿಗೆ 28,500 ಬಂದೈತಿ, ಕೊಡೋಣೇನ್ರಿ?"

"ಕೊಡ್ರಿ ಕೊಡ್ರಿ, ಮನ್ಯಾಗ ಮದುವಿ ಐತಿ, ರೊಕ್ಕ ಬೇಕಾಗೇತಿ."

ಹನ್ನೆರಡು ಸೆಕೆಂಡಿನ ಕಾಲ್. ನಾ ಎಷ್ಟು ಚೀಲ ಅಂತ ಹೇಳಲಿಲ್ಲ. ಡಬ್ಬಿನೋ ಕಡ್ಡಿನೋ ಅನ್ನಲಿಲ್ಲ. ಯಾವ ಊರವರು ಅಂತ ಕೇಳಲಿಲ್ಲ. ದಿನಾ ಕೇಳ್ತಿದ್ದೆ, ಅವತ್ತ ಫೋನಿನ್ಯಾಗ ಹೆಸರು ಸ್ವಚ್ಛ ಕಾಣಸ್ತಿತ್ತಲ್ಲ, ಹಂಗಾಗಿ ಕೇಳಬೇಕು ಅಂತ ಅನಸಲ ಇಲ್ಲ. ಒಪ್ಪಿಗಿ ಹಾಕಿಸಿದೆ.

ಆರು ಗಂಟೆ ಸುಮಾರಿಗೆ ತೂಕ ಚಾಲೂ ಆಗಿತ್ತು, ಮೊದಲ ನಂಬರಿನಿಂದ ಫೋನ್ ಬಂತು. "ತಮ್ಮಾ, ಹೊಲದಾಗಿದ್ದೆ, ರೇಂಜ್ ಇದ್ದಿಲ್ಲ. ಎಷ್ಟ ಆತು? ನಾ ಮುಂಜಾನೆ ಸಾಹುಕಾರ್ರಿಗೆ ಹೇಳೇನಿ, 32,000ಕ್ಕ ಕಡಿಮಿ ಬಂದ್ರ ಕೊಡಬ್ಯಾಡ್ರಿ, ಕೋಲ್ಡ್ ಸ್ಟೋರೇಜಿಗೆ ಹಾಕ್ರಿ ಅಂತ."

ನಾ ನಿಂತಲ್ಲೆ ನಿಂತೆ. ಕಣ್ಣ ಮುಂದ ಹಮಾಲರು ಚೀಲದ ಬಾಯಿ ಬಿಚ್ಚಿ ಸುರುವಾಕತ್ತಿದ್ರು. ಒಂದು, ಎರಡು ಅಂತ ಎಣಿಸಿದೆ, ಎಂಟು ಚೀಲ ಆಗಲೇ ಖರೀದಿದಾರರ ಮಾಲಿನ್ಯಾಗ ಕೂಡಿಬಿಟ್ಟಿತ್ತು. ಕೆಂಪನ್ನ ಕೆಂಪು, ಅದರಾಗಿಂದ ಯಾರ ಹೊಲದ್ದು ಯಾವ್ದು ಅಂತ ಆರಸೋದು ಸಾಧ್ಯ ಐತೇನ್ರಿ? ಫೋನಿನ್ಯಾಗ ಅವರು ಹಲೋ ಹಲೋ ಅನ್ನಾಕತ್ತಿದ್ರು.

ಇಲ್ಲಿ ಒಂದು ಮಾತು ಒಪ್ಕೋಬೇಕು. ಆ ಹತ್ತು ಸೆಕೆಂಡಿನ್ಯಾಗ ನನ್ನ ತಲ್ಯಾಗ ಬಂದದ್ದು ಏನಂದ್ರ, "ನಾ ಫೋನ್ ಹಚ್ಚಿದ್ದೆ, ನಿಮ್ಮ ಮನ್ಯಾಗ ಯಾರೋ ಎತ್ತಿ ಹೂಂ ಅಂದ್ರು" ಅಂತ ಹೇಳಿಬಿಡೋಣು ಅಂತ. ಬಾಯಿಗೆ ಬಂದಿತ್ತು. ಅವರು ನಂಬ್ತಿದ್ರು. ಅದಕ್ಕ ಹೇಳಾಕ ಆಗಲಿಲ್ಲ. "ಐದು ನಿಮಿಷ ತಡೀರಿ ಯಜಮಾನ್ರ" ಅಂತ ಫೋನ್ ಇಟ್ಟು, ತಕ್ಕಡಿ ಹತ್ರ ಓಡಿ "ನಿಲ್ಲಸ್ರಿ, ನಿಲ್ಲಸ್ರಿ" ಅಂತ ಕೂಗಿದೆ.

ಖರೀದಿದಾರರ ಮನುಷ್ಯಾ ಒಪ್ಪಲಿಲ್ಲ. ಒಪ್ಪಿಗಿ ಕೊಟ್ಟೀರಿ, ಮಾಲು ಕೂಡೇತಿ, ಈಗ ಬ್ಯಾಡ ಅಂದ್ರ ನಡಿಯಂಗಿಲ್ಲ ಅಂದ. ಅವನ ಮಾತು ತಪ್ಪಲ್ಲ. ಸಾಹುಕಾರ್ರು ಬಂದ್ರು. ನಾ ಎಲ್ಲಾ ಹೇಳಿದೆ. ಅವರು ಬೈತಾರ ಅಂತ ತಲಿ ಕೆಳಗ ಹಾಕ್ಕೊಂಡು ನಿಂತಿದ್ದೆ. ಅವರು ಫೋನ್ ತಗೊಂಡು ಮ್ಯಾಲೆ ಕೆಳಗ ಸರಸಿ ಸರಸಿ ನೋಡಿ ಕೇಳಿದ್ದು ಒಂದ ಮಾತು.

"ಚುಕ್ಕಿ ಎಲ್ಲಿ ಹೋದುವು?"

ಚುಕ್ಕಿ ಇಲ್ಲದ್ದು ಸಂಶಿ ಕಡೆ ಬಸಪ್ಪ. ಒಂದು ಚುಕ್ಕಿ ಯರಗುಪ್ಪಿ ಕಡೆ ಬಸಪ್ಪ, ಮದುವಿ ಮನಿಯವರು, 9 ಚೀಲ ಕಡ್ಡಿ. ಎರಡು ಚುಕ್ಕಿ ಅಂದ್ರ ಈ 22 ಚೀಲ ಡಬ್ಬಿಯವರು, ಇವರ ಅಪ್ಪ ನಮ್ಮ ಸಾಹುಕಾರ್ರ ಅಪ್ಪನ ಕಾಲದಿಂದ ಮಾಲು ಹಾಕ್ಕೋತ ಬಂದವರು. ಎಪ್ಪತ್ತು ಹೆಸರಿಗೂ ಹಿಂಗ ಒಂದೊಂದು ಲೆಕ್ಕ. ಇಷ್ಟು ವರ್ಷ ನಾ ಸಾಹುಕಾರ್ರ ಬಾಜೂ ಕುಂತೇನಿ, ಈ ಲೆಕ್ಕ ನನಗ ಹೇಳಿದ್ದಿಲ್ಲ. ಅದಕ್ಕ ನನಗ ಇವತ್ತಿಗೂ ಸಿಟ್ಟೈತಿ. ಕೇಳಬೇಕಾಗಿದ್ದು ನಾ, ಅದೂ ಖರೇನ.

ತೂಕ ಮುಗೀತು, 8 ಕ್ವಿಂಟಲ್ 40 ಕೆಜಿ. ಸಾಹುಕಾರ್ರು ಎರಡು ಚುಕ್ಕಿ ಬಸಪ್ಪನೋರಿಗೆ ಖುದ್ದ ಫೋನ್ ಹಚ್ಚಿ ನಡದದ್ದು ನಡದಂಗ ಹೇಳಿದ್ರು, ಕ್ವಿಂಟಲ್ಲಿಗೆ 2,000ದಂಗ 16,800 ತಮ್ಮ ಕೈಯಿಂದ ಪಟ್ಟ್ಯಾಗ (ರೈತಗ ಕೊಡೋ ಲೆಕ್ಕದ ಚೀಟ್ಯಾಗ) ಕೂಡಿಸಿ ಕೊಟ್ರು. ನನ್ನ ಪಗಾರದಾಗ ಮುರಕೊಳ್ರಿ ಅಂದೆ. "ಮೊದ್ಲು ಹೆಸರು ಸರಿ ಮಾಡು" ಅಂದ್ರು.

ಸರಿ ಮಾಡೋದು ಅಂದ್ರ ಅಷ್ಟ ಸುಲಭ ಇದ್ದಿಲ್ಲ, ಇದನ್ನ ಒಂಚೂರು ಬಿಡಿಸಿ ಹೇಳ್ತೇನಿ, ಯಾರಿಗರ ಬೇಕಾಗತೈತಿ. ಅದ ಜೀಮೇಲ್ ಸಾಹುಕಾರ್ರ ಮಗನ ಫೋನಿನ್ಯಾಗೂ ಇತ್ತು, ಹಂಗಾಗಿ ನಾ ಇಲ್ಲಿ ಅಳಸಿದ್ದು ಅಲ್ಲೂ ಅಳಸಿತ್ತು, ಅಲ್ಲಿಂದ ತಗೋಳೋಣು ಅಂದ್ರ ಅಲ್ಲೂ ಇಲ್ಲ. ಗೂಗಲ್ನ್ಯಾಗ ಡಿಲೀಟ್ ಆದದ್ದು 30 ದಿನ ಟ್ರ್ಯಾಶಿನ್ಯಾಗ ಇರ್ತೈತಿ, ಮುನ್ನೂರೂ ಸಿಕ್ಕುವು. ಆದ್ರ ಚುಕ್ಕಿ ತಗದದ್ದು ಡಿಲೀಟ್ ಅಲ್ಲ, ಎಡಿಟ್. ಅದು ಟ್ರ್ಯಾಶಿನ್ಯಾಗ ಯಾಕ ಬರ್ತೈತಿ? ಅದಕ್ಕ ಕಂಪ್ಯೂಟರಿನ್ಯಾಗ ಗೂಗಲ್ ಕಾಂಟ್ಯಾಕ್ಟ್ಸ್ ತಗದು ಅನ್ಡೂ ಚೇಂಜಸ್ ಮಾಡಬೇಕು, 30 ದಿನದೊಳಗಿನ ಯಾವ ಹೊತ್ತಿಗೆ ಬೇಕೋ ಆ ಹೊತ್ತಿಗೆ ಇಡೀ ಪಟ್ಟಿನ ವಾಪಸ್ ಹೋಗತೈತಿ. ಇಡೀ ಪಟ್ಟಿ ಅಂದ್ರ ಇಡೀ ಪಟ್ಟಿ, ಆಮ್ಯಾಲೆ ಸೇವ್ ಮಾಡಿದ ಹೊಸಾ ನಂಬರ್ಸೂ ಹೋಗ್ತಾವು. ಶನಿವಾರದಿಂದ ನಾವು 41 ಹೊಸಾ ರೈತರ ನಂಬರ್ ಹಾಕಿದ್ವಿ. ಪುಣ್ಯಾಕ ಸಾಹುಕಾರ್ರ ಮಗ ಎಚ್ಚರಿಸಿದ, ಆ 41ನ್ನ ಅಷ್ಟ ಆರಿಸಿ ಮೊದ್ಲು ಎಕ್ಸ್‌ಪೋರ್ಟ್ ಮಾಡಿ ಇಟ್ಕೊಂಡು, ಶುಕ್ರವಾರ ರಾತ್ರಿ ಒಂಬತ್ತಕ್ಕ ವಾಪಸ್ ಹೋಗಿ, ಆಮ್ಯಾಲೆ 41ನ್ನ ಇಂಪೋರ್ಟ್ ಮಾಡಿದ್ವಿ. ಚುಕ್ಕಿ ಎಲ್ಲಾ ತಮ್ಮ ತಮ್ಮ ಜಾಗಕ್ಕ ಬಂದುವು. ಅವತ್ತ ಪರದೆ ಮ್ಯಾಲೆ ಆ ಎರಡು ಚುಕ್ಕಿ ನೋಡಿ ನನಗ ಕಣ್ಣಾಗ ನೀರು ಬಂತು.

ಸಿಮ್ಮಿನ್ಯಾಗಿನವು ಮಾತ್ರ ಬರಲಿಲ್ಲ. ಸಿಮ್ಮಿಗೆ ಟ್ರ್ಯಾಶ್ ಇಲ್ಲ, ಅನ್ಡೂ ಇಲ್ಲ. ಗೂಗಲ್ನ್ಯಾಗ ಹೆಂಗೂ ಅದಾವು ಅಂದ್ಕೊಂಡಿದ್ದೆನಲ್ಲ, 63 ಹೆಸರು ಅಲ್ಲಿ ಇದ್ದಿಲ್ಲ, ಸಿಮ್ಮಿನ್ಯಾಗಷ್ಟ ಇದ್ದುವು. ಹಳೇ ಖಾತೆ ಪುಸ್ತಕ ತಗದು ಹಾಳಿ ಹಾಳಿ ತಿರುವಿ, ಪೆನ್ನಿನಿಂದ ಬರದ ನಂಬರ್ ಓದಿ ಓದಿ 40 ಸಿಕ್ಕುವು. ಉಳಿದವರು ಅವರಾಗಿ ಫೋನ್ ಮಾಡಿದಾಗ ಯಾರು ಅಂತ ಕೇಳಬೇಕಾತು. ಒಬ್ಬರು ಮುದುಕರು "ನನ್ನ ಮರತ್ರೇನು?" ಅಂದ್ರು. ಏನ್ ಉತ್ತರ ಕೊಡೋದು.

ಈಗ ಪ್ರತಿ ಹೆಸರಿನ ಮುಂದ ಊರು, ಖಾತೆ ನಂಬರ್ ಹಾಕೇವಿ. ಪ್ರತಿ ಮಂಗಳವಾರ ಎಕ್ಸ್‌ಪೋರ್ಟ್ ಮಾಡಿ ಪೆನ್ ಡ್ರೈವಿಗೆ ಹಾಕ್ತೇನಿ. ಫೋನ್ ಹಚ್ಚಿದ್ರ ಊರು, ಚೀಲ, ಕಡ್ಡಿನೋ ಡಬ್ಬಿನೋ, ಮೂರೂ ಅವರ ಬಾಯಿಂದ ಹೇಳಿಸಿ ಆಮ್ಯಾಲೆ ರೇಟ್ ಹೇಳ್ತೇನಿ. ಚುಕ್ಕಿ ತಗಿಯೋಣೇನ್ರಿ, ಈಗ ಊರ ಹೆಸರು ಐತಲ್ಲ ಅಂತ ಸಾಹುಕಾರ್ರಿಗೆ ಕೇಳಿದೆ. ಬ್ಯಾಡ ಅಂದ್ರು. ಹಂಗ ಅದಾವು.

ಈ ಸೀಜನ್ ಎರಡು ಚುಕ್ಕಿ ಬಸಪ್ಪನೋರು ಮಾಲು ನಮ್ಮಲ್ಲಿ ಹಾಕಿಲ್ಲ. ಮೊನ್ನೆ ಗುರುವಾರ ಪೇಟ್ಯಾಗ ನಮ್ಮ ಅಂಗಡಿ ಮುಂದ ಹಾದು ಹೊಂಟಿದ್ರು, ಹೆಗಲ ಮ್ಯಾಲೆ ಟವೆಲ್, ಕೈಯಾಗ ಬ್ಯಾರೆ ಅಂಗಡಿ ಲಾಟ್ ಚೀಟಿ. ನಾ ಎದ್ದು ನಿಂತೆ.

"ಆರಾಮ ಅದಿಯೇನ್ ತಮ್ಮಾ?" ಅಂದ್ರು.

"ಬರ್ರಿ, ಚಾ ಕುಡದು ಹೋಗ್ರಿ" ಅಂದೆ.

"ಇನ್ನೊಮ್ಮೆ ಬರ್ತೇನಿ" ಅಂದ್ರು.