ಸುಗ್ರೀವನ ಕಥೆ ಎಲ್ಲಿ ಮುಗಿಯುತ್ತದೆ?

12 ಜುಲೈ 2024, ಶುಕ್ರವಾರ

ಇವತ್ತಿನ ಟಿಪ್ಪಣಿಯೆಲ್ಲ ಉಪಕಥೆಯದ್ದೇ. ಕಾದಂಬರಿಯ ನಡುಭಾಗ ಸೊರಗಿತು ಅನ್ನಿಸಿದ ಕೂಡಲೇ ಬರೆಯುವವರ ಕೈ ಇನ್ನೊಂದು ಕಥೆಯ ಕಡೆ ಹೋಗುತ್ತದೆ. ನಾಯಕಿಯ ತಂಗಿಗೊಂದು ಪ್ರೇಮ, ಪಕ್ಕದ ಮನೆಯವರಿಗೊಂದು ಜಮೀನಿನ ವ್ಯಾಜ್ಯ. ಪುಟ ತುಂಬುತ್ತದೆ, ಕಥೆ ನಿಂತಲ್ಲೇ ನಿಂತಿರುತ್ತದೆ.

ನಾಟ್ಯಶಾಸ್ತ್ರ ಮುಖ್ಯಕಥೆಯನ್ನು ಆಧಿಕಾರಿಕ ಎಂದೂ ಅದಕ್ಕೆ ನೆರವಾಗುವ ಕಥೆಯನ್ನು ಪ್ರಾಸಂಗಿಕ ಎಂದೂ ಕರೆಯುತ್ತದೆ. ಪ್ರಾಸಂಗಿಕದಲ್ಲಿ ಬಹುದೂರ ಜೊತೆಗೆ ಬರುವುದು ಪತಾಕೆ, ಬಂದು ಬೇಗ ಮುಗಿಯುವುದು ಪ್ರಕರಿ. ರಾಮಾಯಣದಲ್ಲಿ ಸುಗ್ರೀವನದು ಪತಾಕೆ, ಜಟಾಯುವಿನದು ಪ್ರಕರಿ.

ಕಿಷ್ಕಿಂಧಾಕಾಂಡವನ್ನು ಬಿಚ್ಚಿ ನೋಡಿದರೆ ಉಪಕಥೆಯ ಕಸುಬೆಲ್ಲ ಅಲ್ಲಿದೆ. ರಾಮನಂತೆ ಸುಗ್ರೀವನೂ ರಾಜ್ಯ ಕಳೆದುಕೊಂಡವನು, ಹೆಂಡತಿಯಿಂದ ಅಗಲಿದವನು. ಹೋಲಿಕೆ ಇಷ್ಟಕ್ಕೇ ನಿಂತಿದ್ದರೆ ಅದು ಬರೀ ಅಲಂಕಾರ. ಸೀತೆ ಬೆಟ್ಟದ ಮೇಲೆ ಎಸೆದ ಒಡವೆಗಳು ಸುಗ್ರೀವನ ಬಳಿಯೇ ಇವೆ. ಅದು ಎರಡು ಕಥೆಗಳನ್ನು ಕಟ್ಟುವ ಮೊದಲ ಗಂಟು. ವಾಲಿಯನ್ನು ಕೊಂದರೆ ಸೀತೆಯನ್ನು ಹುಡುಕಿಸುತ್ತೇನೆ ಎಂಬ ಮಾತು ಎರಡನೆಯದು. ಮೂರನೆಯದೇ ನನಗೆ ಎಲ್ಲಕ್ಕಿಂತ ಇಷ್ಟ: ತನ್ನ ಕೆಲಸ ಆದ ಮೇಲೆ ಸುಗ್ರೀವ ಭೋಗದಲ್ಲಿ ಮೈಮರೆಯುತ್ತಾನೆ. ಮಳೆಗಾಲದ ನಾಲ್ಕು ತಿಂಗಳು ಕಳೆದರೂ ಹುಡುಕಾಟ ಶುರುವಾಗುವುದಿಲ್ಲ, ಲಕ್ಷ್ಮಣ ಸಿಟ್ಟಿನಿಂದ ಬಾಗಿಲಿಗೆ ಬರಬೇಕಾಗುತ್ತದೆ. ಉಪಕಥೆ ಗೆದ್ದದ್ದರಿಂದಲೇ ಮುಖ್ಯಕಥೆ ತಡವಾಯಿತು. ಉಪಕಥೆ ನೆರವಾದರೆ ಸಾಲದು, ಅಡ್ಡಗಾಲೂ ಹಾಕಬೇಕು.

ಜಟಾಯುವಿನ ಪ್ರಕರಿ ಕೂಡ ವ್ಯರ್ಥವಾಗುವುದಿಲ್ಲ. ಕೊಟ್ಟ ಒಂದು ತಿಂಗಳ ಗಡುವು ಮೀರಿ ದಕ್ಷಿಣದ ಕಡಲತೀರದಲ್ಲಿ ಅಂಗದನ ಪಡೆ ಸಾಯಲು ಕೂತಾಗ, ಅವರ ಮಾತಿನಲ್ಲಿ ಬಂದ ಜಟಾಯುವಿನ ಹೆಸರು ಕೇಳಿಯೇ ಅವನ ಅಣ್ಣ ಸಂಪಾತಿ ಎದುರಾಗುತ್ತಾನೆ, ಲಂಕೆಯ ಸುಳಿವು ಕೊಡುತ್ತಾನೆ. ಮುಗಿದುಹೋಯಿತು ಎಂದುಕೊಂಡ ಎಳೆ ಎಷ್ಟೋ ಸರ್ಗಗಳಾಚೆ ಮತ್ತೆ ಕೈಗೆ ಸಿಗುವ ಸುಖ ಇದು.

ಇದನ್ನು ಇವತ್ತಿನ ಕಾದಂಬರಿಯ ಲೆಕ್ಕಕ್ಕೆ ಇಳಿಸೋಣ. 60,000 ಪದ, ತಲಾ 2,000 ಪದಗಳ 30 ಅಧ್ಯಾಯ ಅಂದುಕೊಳ್ಳಿ. ಮುಖ್ಯಕಥೆಗೆ 20 ಅಧ್ಯಾಯದಷ್ಟು ಜಾಗ ಬೇಕೇ ಬೇಕು. ಒಂದು ಪತಾಕೆಗೆ ಆರೇಳು, ಉಳಿದದ್ದು ಪ್ರಕರಿಗಳಿಗೆ. ಮುಖ್ಯ ಪ್ರಶ್ನೆ ಓದುಗರ ಮನಸ್ಸಿನಲ್ಲಿ ಕೂತ ಮೇಲೆ, ಅಂದರೆ ನಾಲ್ಕನೇ ಅಧ್ಯಾಯದ ಸುಮಾರಿಗೆ ಉಪಕಥೆ ತೆರೆಯಲಿ. ನಾಲ್ಕು ಅಧ್ಯಾಯಕ್ಕಿಂತ ಹೆಚ್ಚು ಹೊತ್ತು ಅದು ಕಣ್ಮರೆಯಾದರೆ ಓದುಗರಿಗೆ ಹೆಸರುಗಳೇ ಮರೆತಿರುತ್ತವೆ. ಇಡೀ ದೃಶ್ಯ ಬೇಡ, ಒಂದು ಫೋನ್ ಕರೆ ಬಂದರೂ ಸಾಕು. ಚೌಕಳಿ ಹಾಳೆಯಲ್ಲಿ ಅಧ್ಯಾಯಗಳನ್ನು ಮೇಲಿಂದ ಕೆಳಕ್ಕೆ ಬರೆದು, ಎಳೆಗೊಂದು ಬಣ್ಣ ತುಂಬಿ. ಎಲ್ಲಿ ಎರಡು ಬಣ್ಣ ಒಂದೇ ಸಾಲಿನಲ್ಲಿ ಕೂಡುತ್ತವೋ ಅದು ಗಂಟು. ಮೂರು ಗಂಟಾದರೂ ಇಲ್ಲದಿದ್ದರೆ ಅವು ಒಂದೇ ರಟ್ಟಿನೊಳಗಿನ ಎರಡು ಪುಸ್ತಕ.

ಹೆಚ್ಚಿನವರು ಎಡವುವುದು ಮುಕ್ತಾಯದಲ್ಲಿ. ಎಲ್ಲ ಎಳೆಗಳನ್ನೂ ಕೊನೆಯ ಅಧ್ಯಾಯಕ್ಕೆ ಉಳಿಸಿಕೊಂಡು ಒಂದೇ ಮದುವೆಮನೆಯಲ್ಲಿ ಬಿಚ್ಚುತ್ತಾರೆ, ಯಾವುದರ ಭಾರವೂ ಓದುಗರಿಗೆ ತಟ್ಟುವುದಿಲ್ಲ. ಕಥೆ ಸಾಗುವ ಐದು ಸಂಧಿಗಳಲ್ಲಿ, ಅಂದರೆ ಹಂತಗಳಲ್ಲಿ, ಮೂರನೆಯದಾದ ಗರ್ಭದಲ್ಲೋ ನಾಲ್ಕನೆಯದಾದ ವಿಮರ್ಶದಲ್ಲೋ ಪತಾಕೆ ನಿಲ್ಲಬೇಕು ಎಂದು ನಾಟ್ಯಶಾಸ್ತ್ರ ಹೇಳುವುದು ಅದಕ್ಕೇ. ಕೊನೆಯ ಸಂಧಿಯಾದ ನಿರ್ವಹಣ ಮುಖ್ಯಕಥೆಗೆ ಮಾತ್ರ ಮೀಸಲು. ಸುಗ್ರೀವ ಯುದ್ಧದಲ್ಲೂ ಇದ್ದಾನೆ, ಆದರೆ ಅವನ ಸ್ವಂತ ಪ್ರಶ್ನೆಗೆ ಉತ್ತರ ಸಿಕ್ಕಿ ಎಷ್ಟೋ ಕಾಲವಾಗಿದೆ. ನಮ್ಮ ಲೆಕ್ಕದಲ್ಲಿ 24 ಅಥವಾ 25ನೇ ಅಧ್ಯಾಯಕ್ಕೆ ಉಪಕಥೆ ಮುಗಿದು, ಅದರ ಪಾತ್ರಗಳು ಮುಖ್ಯಕಥೆಯ ಕೆಲಸಕ್ಕೆ ಹೆಗಲು ಕೊಡುತ್ತಿರಬೇಕು.

ಉಪಕಥೆಯ ಪಾತ್ರವೇ ಹೆಚ್ಚು ಜೀವಂತವಾಗಿ ಬರುತ್ತಿದ್ದರೆ ಅದನ್ನು ಮೊಟಕುಗೊಳಿಸಬೇಡಿ. ಮುಖ್ಯಕಥೆಯ ವ್ಯಕ್ತಿಗೆ ಬೇಕಾದದ್ದೇನು ಎಂಬುದನ್ನು ಒಂದು ವಾಕ್ಯದಲ್ಲಿ ಬರೆದು ನೋಡಿ. ಬರೆಯಲಾಗದಿದ್ದರೆ ದೋಷ ಅಲ್ಲಿದೆ.

ನಾಳೆ 11ನೇ ಅಧ್ಯಾಯದಿಂದ ಬಣ್ಣ ತುಂಬುವುದು.