ಸ್ಕ್ರೀನ್ ರೀಡರ್‌ಗೆ ಹಣ ಹಾಕುವವರು ಎಲ್ಲಿ ಹಾಕಬೇಕು

ಮಾರ್ಚ್ 14, 2026, ಶನಿವಾರ

ಮಾರ್ಚ್ ಬಂದರೆ ಕಂಪನಿಗಳಿಗೆ ಉಳಿದ ಸಿಎಸ್‌ಆರ್ ಹಣವನ್ನು, ಅಂದರೆ ಸಮಾಜದ ಕೆಲಸಕ್ಕೆ ಕಾನೂನಿನಂತೆ ತೆಗೆದಿಡಬೇಕಾದ ಲಾಭದ ಪಾಲನ್ನು, ಖರ್ಚು ಮಾಡಿ ಮುಗಿಸುವ ಅವಸರ. ಅಂಧರ ಹೆಸರಿನಲ್ಲಿ ಲ್ಯಾಪ್‌ಟಾಪ್ ಕೊಡುವುದು ಸುಲಭ, ಬಿಲ್ಲು ಕೈಗೆ ಸಿಗುತ್ತದೆ. ಆದರೆ ಅದೇ ಲ್ಯಾಪ್‌ಟಾಪಿನಲ್ಲಿ ಆಡಿಯೊ ಎಡಿಟಿಂಗ್ ಮಾಡಿ ನಾಲ್ಕು ಕಾಸು ದುಡಿಯಬೇಕಾದರೆ ತಂತ್ರಾಂಶ ಬೇಕು, ಅದನ್ನು ವರ್ಷವಿಡೀ ನೋಡಿಕೊಳ್ಳುವವರು ಬೇಕು.

ತಂತ್ರಾಂಶಕ್ಕೆ ತಗಲುವುದು ಸ್ವಲ್ಪವೇ. ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎ ಉಚಿತ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಅದನ್ನು ಶುರು ಮಾಡಿದರು, ಜೇಮ್ಸ್ ಟೆ ಜೊತೆಯಾದರು, ಇಬ್ಬರೂ ಅಂಧರೇ. ಆಡಿಯೊ ಎಡಿಟಿಂಗ್ ತಂತ್ರಾಂಶ ರೀಪರ್‌ನ ರಿಯಾಯಿತಿ ಲೈಸೆನ್ಸ್ 60 ಡಾಲರ್. ರೀಪರ್ ಮತ್ತು ಸ್ಕ್ರೀನ್ ರೀಡರ್ ನಡುವೆ ಮಾತು ಬೆಸೆಯುವ ಓಸಾರಾ ಕೂಡ ಉಚಿತ.

ತೊಂದರೆ ಶುರುವಾಗುವುದು ಕೆಲಸಕ್ಕೆ ಕೂತ ಮೇಲೆ. ಮಿಕ್ಸಿಂಗ್ ಮಾಡುವಾಗ ಎನ್‌ವಿಡಿಎ ಮಾತಾಡಿದಾಗಲೆಲ್ಲ ಹಾಡಿನ ಸದ್ದು ತಗ್ಗುತ್ತಿದ್ದರೆ ಅದು 'ಆಡಿಯೊ ಡಕ್ಕಿಂಗ್'. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್), ಶಿಫ್ಟ್, ಡಿ ಒತ್ತುತ್ತಾ ಹೋಗಿ ಅದನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಕಿವಿಗೆ ಕೇಳುವ ಮಟ್ಟವೇ ಸುಳ್ಳು. ಇನ್ನೊಂದು, ಕೆಲವು ಅಸಿಯೊ ಡ್ರೈವರ್‌ಗಳು (ರೆಕಾರ್ಡಿಂಗ್ ತಂತ್ರಾಂಶವನ್ನು ಸೌಂಡ್ ಕಾರ್ಡಿಗೆ ನೇರ ಜೋಡಿಸುವವು) ಆ ಕಾರ್ಡನ್ನು ಪೂರ್ತಿ ತಮ್ಮದಾಗಿಸಿಕೊಳ್ಳುತ್ತವೆ. ಎನ್‌ವಿಡಿಎಯ ದನಿಯೂ ಅದೇ ಕಾರ್ಡಿಗೆ ಹೋಗುತ್ತಿದ್ದರೆ ಪರದೆ ಒಮ್ಮೆಲೇ ಮೂಕ. ಹಾಗಾಗಿ ರೀಪರ್ ತೆರೆಯುವ ಮೊದಲೇ ಎನ್‌ವಿಡಿಎ ಕೀ, ಕಂಟ್ರೋಲ್, ಯು ಒತ್ತಿ ಅದರ ದನಿಯನ್ನು ಲ್ಯಾಪ್‌ಟಾಪಿನ ಸ್ವಂತ ಸ್ಪೀಕರಿಗೆ ತಿರುಗಿಸಿ, ಯುಎಸ್‌ಬಿ ಸೌಂಡ್ ಕಾರ್ಡನ್ನು ರೀಪರ್‌ಗೆ ಬಿಡಬೇಕು. ಮೈಕ್ ತೆರೆದಿರುವಾಗ ಲ್ಯಾಪ್‌ಟಾಪಿಗೂ ಹೆಡ್‌ಫೋನ್ ಸಿಕ್ಕಿಸಿರಲೇಬೇಕು, ಇಲ್ಲವಾದರೆ ಎನ್‌ವಿಡಿಎಯ ಮಾತೂ ರೆಕಾರ್ಡಿಂಗಿಗೆ ಸೇರುತ್ತದೆ. ಮೀಟರಿನ ಕೆಂಪು ಗೆರೆ ಕಾಣದವರಿಗೆ ಓಸಾರಾದಲ್ಲಿ ಪೀಕ್ ವಾಚರ್ ಇದೆ: ಆಲ್ಟ್, ಡಬ್ಲ್ಯೂ ಒತ್ತಿ ಮಿತಿ ಇಟ್ಟರೆ, ಸದ್ದು ಅದನ್ನು ದಾಟಿದಾಗ ಹೇಳುತ್ತದೆ.

ರೀಪರ್‌ಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶಗಳಾದ ಪ್ಲಗಿನ್‌ಗಳದ್ದು ಬೇರೆಯೇ ಗೋಳು. ಎಷ್ಟೋ ಪ್ಲಗಿನ್‌ಗಳ ಗುಂಡಿಗಳು ಬರೀ ಚಿತ್ರ; ಸ್ಕ್ರೀನ್ ರೀಡರ್‌ಗೆ ಅಲ್ಲಿ ಏನೂ ಸಿಗುವುದಿಲ್ಲ. ಪಿ ಒತ್ತಿದರೆ ಓಸಾರಾ ಆ ಪ್ಲಗಿನ್ನಿನ ಪ್ಯಾರಾಮೀಟರ್‌ಗಳನ್ನು ಪಟ್ಟಿ ಮಾಡಿಕೊಡುತ್ತದೆ, ಆದರೆ ತಯಾರಕರು ಅವಕ್ಕೆ ಸರಿಯಾದ ಹೆಸರು ಕೊಟ್ಟಿದ್ದರೆ ಮಾತ್ರ ಉಪಯೋಗ.

ಇವೆಲ್ಲ ಒಮ್ಮೆ ಸರಿಮಾಡಿದರೆ ಹಾಗೇ ಉಳಿಯುವಂಥವಲ್ಲ. ವಿಂಡೋಸ್ ಬದಲಾಗುತ್ತದೆ, ರೀಪರ್ ಬದಲಾಗುತ್ತದೆ. ಎನ್‌ವಿಡಿಎ ತನ್ನ 2019.3 ಆವೃತ್ತಿಯಲ್ಲಿ ಪೈಥಾನ್ 3 ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬದಲಾದಾಗ, ಅದಕ್ಕೆ ಸೇರಿಸಿಕೊಳ್ಳುವ ಹಳೆಯ ಆಡ್-ಆನ್‌ಗಳನ್ನೆಲ್ಲ ತಿದ್ದಬೇಕಾಯಿತು. ಈಗಲೂ ವರ್ಷದ ಮೊದಲ ಆವೃತ್ತಿ ಬಂದಾಗ ಪ್ರತಿ ಆಡ್-ಆನ್ ಅನ್ನು ಮತ್ತೆ ಪರೀಕ್ಷಿಸಿ, ಅದರ ವಿವರಗಳಿರುವ ಮ್ಯಾನಿಫೆಸ್ಟ್ ಕಡತದಲ್ಲಿ 'ಕೊನೆಯದಾಗಿ ಪರೀಕ್ಷಿಸಿದ ಆವೃತ್ತಿ'ಯ ಸಂಖ್ಯೆ ತಿದ್ದಬೇಕು. ಯಾರೂ ತಿದ್ದದಿದ್ದರೆ ಆಡ್-ಆನ್ ನಿಂತೇಹೋಗುತ್ತದೆ. ನಮ್ಮ ಪ್ರಕಾರ ಹಣ ಹೋಗಬೇಕಾದದ್ದು ಇಲ್ಲಿಗೇ.

ವ್ಯಕ್ತಿಗಳು ಎನ್‌ವಿಡಿಎ ರೂಪಿಸುವ ಎನ್‌ವಿ ಆಕ್ಸೆಸ್ ಸಂಸ್ಥೆಗೆ ನೇರವಾಗಿ ದೇಣಿಗೆ ಕೊಡಬಹುದು. ವರ್ಷಕ್ಕೊಮ್ಮೆ ದೊಡ್ಡ ಮೊತ್ತಕ್ಕಿಂತ ತಿಂಗಳಿಗಿಷ್ಟು ಎಂದು ಬಂದರೆ ಸಂಬಳದ ಲೆಕ್ಕ ಹಾಕಲು ಅನುಕೂಲ. ಕಂಪನಿಗಳಿಗೆ ಆ ದಾರಿ ಇಲ್ಲ: ಕ್ರೀಡಾಪಟುಗಳ ತರಬೇತಿಯಂಥದ್ದು ಬಿಟ್ಟರೆ ಭಾರತದ ಹೊರಗಿನ ಕೆಲಸ ಸಿಎಸ್‌ಆರ್ ಲೆಕ್ಕಕ್ಕೆ ಸೇರದು. ಆದರೆ ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಇರುವ ಇಲ್ಲಿನ ಟ್ರಸ್ಟ್ ಮೂಲಕ ಒಬ್ಬ ಪ್ರೋಗ್ರಾಮರ್, ಇಬ್ಬರು ಅಂಧ ಪರೀಕ್ಷಕರಿಗೆ ಸಂಬಳ ಕೊಡಬಹುದು. ಅವರು ತಿದ್ದಿದ ಕೋಡ್ ಮೂಲ ಯೋಜನೆಗೇ ಸೇರುತ್ತದೆ. ಇದನ್ನು 'ಮುಂದುವರಿಯುವ ಯೋಜನೆ' ಎಂದು ಕಂಪನಿಯ ಮಂಡಳಿಯಲ್ಲಿ ಒಪ್ಪಿಸಿಕೊಂಡರೆ ಆರಂಭದ ವರ್ಷ ಬಿಟ್ಟು ಮೂರು ವರ್ಷ ನಡೆಸಬಹುದು. ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಖಾತೆಗೆ ಹಾಕಬೇಕು, ಅಷ್ಟೆ.

ಪರೀಕ್ಷಕರ ಕೆಲಸಕ್ಕೆ ಗಂಟೆ ಲೆಕ್ಕದಲ್ಲೇ ಹಣ ಕೊಡಿ. 'ಓದುತ್ತಿಲ್ಲ' ಎಂಬ ಒಂದು ಸಾಲಿನ ದೂರಿನಿಂದ ಪ್ರೋಗ್ರಾಮರ್‌ಗೆ ಏನೂ ತಿಳಿಯುವುದಿಲ್ಲ. ಮೊದಲು ಆಡ್-ಆನ್‌ಗಳನ್ನು ನಿಲ್ಲಿಸಿ ಎನ್‌ವಿಡಿಎಯನ್ನು ಮತ್ತೆ ಶುರುಮಾಡಿ ನೋಡಬೇಕು. ಆಮೇಲೆ ವಿಂಡೋಸ್, ಎನ್‌ವಿಡಿಎ, ರೀಪರ್, ಓಸಾರಾಗಳ ಆವೃತ್ತಿ ಸಂಖ್ಯೆ, ಒತ್ತಿದ ಕೀಗಳು ಅದೇ ಕ್ರಮದಲ್ಲಿ, ಕೇಳಿಸಿದ್ದೇನು, ಕೇಳಿಸಬೇಕಾದದ್ದೇನು, ಜೊತೆಗೆ ಎನ್‌ವಿಡಿಎ ಕೀ ಮತ್ತು ಎಫ್1 ಒತ್ತಿದಾಗ ತೆರೆಯುವ ಲಾಗ್ (ನಡೆದದ್ದರ ದಾಖಲೆ). ಇಷ್ಟು ಬರೆಯಲು ಒಂದು ತಪ್ಪಿಗೆ ಅರ್ಧ ದಿನ ಹಿಡಿದರೂ ಹೆಚ್ಚಲ್ಲ.